ಹದಿನಾಲ್ಕನೆಯ ಷರತ್ತು

ವಸುಧಾ ಡಾಕ್ಟರೇ, ಆ ಹದಿನಾಲ್ಕನೆಯ ಷರತ್ತನ್ನು ನಾನು ಓದಿದ್ದೆ. ಓದಿ, ಅರ್ಥ ಮಾಡಿಕೊಂಡೇ ನಿಮ್ಮಿಂದ ಮುಚ್ಚಿಟ್ಟೆ. ತಪ್ಪು ನಿಮ್ಮದೆಂದು ನಾಲ್ಕು ವರ್ಷಗಳಿಂದ ನೀವು ನಂಬಿದ್ದೀರಿ — ನಾನು ನಂಬಲು ಬಿಟ್ಟೆ.

ವಿಮಾ ಕಂಪನಿಯ ಕಾನೂನು ವಿಭಾಗದಿಂದ ನಿವೃತ್ತನಾದ ಮೇಲೆ, ರಾಯಪುರಂನಲ್ಲಿ ನೀವು ಕಟ್ಟಿದ ಧರ್ಮಾಸ್ಪತ್ರೆಗೆ ಟ್ರಸ್ಟಿಯಾಗಿ ಬಂದವನು ನಾನು. ಬಂದರಿನಲ್ಲಿ ಕಲ್ಲಿದ್ದಲು ಇಳಿಸುವವರು ಕೆಮ್ಮುತ್ತಾ ಬರುತ್ತಿದ್ದರು. ನಮ್ಮಲ್ಲಿ ಎಕ್ಸ್‌ರೇ ಯಂತ್ರವೂ ಇರಲಿಲ್ಲ. ದಾನಿಗಳ ಆಫೀಸುಗಳಲ್ಲಿ ಕಾದು ಕಾದು ನನಗೆ ಸಾಕಾಗಿತ್ತು. ಕೊನೆಗೆ ಅವರನ್ನು ದುಡಿಸುತ್ತಿದ್ದ ಕಲ್ಲಿದ್ದಲು ಕಂಪನಿಯೇ ಒಪ್ಪಿತು. ಯಂತ್ರ, ಹೊಸ ಕಟ್ಟಡ, ನರ್ಸುಗಳ ಸಂಬಳ — ಎಲ್ಲ. ಜೊತೆಗೊಂದು ಒಪ್ಪಂದ. ಕಂಪನಿಗೆ ವಿರುದ್ಧವಾಗುವ ಯಾವ ವೈದ್ಯಕೀಯ ಪತ್ರವನ್ನೂ ಟ್ರಸ್ಟ್ ಕೊಡಕೂಡದು, ಕೊಟ್ಟರೆ ಪಡೆದದ್ದನ್ನೆಲ್ಲ ಬಡ್ಡಿಸಹಿತ ಹಿಂದಿರುಗಿಸಬೇಕು ಎಂದಿತ್ತು ಅದರ ಹದಿನಾಲ್ಕನೆಯ ಷರತ್ತಿನಲ್ಲಿ.

ಸಹಿಯ ದಿನ ಹೊರಗೆ ರೋಗಿಗಳ ಸಾಲಿತ್ತು. “ರಾಯರೇ, ಇಷ್ಟೆಲ್ಲ ಓದ್ಲಿಕ್ಕೆ ನಂಗೆ ಪುರುಸೊತ್ತಿಲ್ಲ. ತೊಂದ್ರೆ ಏನಿಲ್ಲ ಅಲ್ವಾ?” ಎಂದಿರಿ.

“ಎಲ್ಲಾ ಮಾಮೂಲಿ. ಸೈನ್ ಮಾಡಿ.”

ಹೇಳಿದ್ದರೆ ನೀವು ಸಹಿ ಹಾಕುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ — ಬೇರೆ ಕಾರಣವಿಲ್ಲ.

ಎರಡು ವರ್ಷಗಳ ನಂತರ, ಅದೇ ಕಂಪನಿಯ ಕಲ್ಲಿದ್ದಲು ಇಳಿಸುತ್ತಿದ್ದ ಮುತ್ತಯ್ಯ ಬಂದ. ಕಲ್ಲಿದ್ದಲ ಧೂಳಿನಿಂದಲೇ ಅವನ ಎದೆ ಕೆಟ್ಟಿದೆ ಎಂದು ನೀವು ಬರೆದುಕೊಟ್ಟಿದ್ದರೆ ಕಂಪನಿಯ ಮೇಲೆ ಅವನು ಹಾಕಿದ್ದ ಪರಿಹಾರದ ಕೇಸು ನಿಲ್ಲುತ್ತಿತ್ತು. ಬರೆಯಲು ಕೂತಿರಿ ಕೂಡ. ಅಷ್ಟರಲ್ಲಿ ಕಂಪನಿಯ ವಕೀಲರು ಬಂದು ಒಪ್ಪಂದದ ಆ ಪುಟವನ್ನು ನಿಮ್ಮ ಮುಂದಿಟ್ಟರು. ಬರೆದರೆ ಆಸ್ಪತ್ರೆಯನ್ನೇ ಮುಚ್ಚಬೇಕು. ನೀವು ಪೆನ್ನು ಕೆಳಗಿಟ್ಟಿರಿ.

“ಒರು ಲೆಟರ್‌ದಾನೇಮ್ಮಾ,” — ಒಂದು ಕಾಗದ ತಾನೇ — ಎಂದಷ್ಟೇ ಹೇಳಿ ಅವನ ಹೆಂಡತಿ ಸೆಲ್ವಿ ಗಂಡನನ್ನು ನಡೆಸಿಕೊಂಡು ಹೋದಳು. ಕೇಸು ಬಿದ್ದುಹೋಯಿತು. ಮುತ್ತಯ್ಯ ಆ ವರ್ಷವನ್ನು ದಾಟಲಿಲ್ಲ.

ಟ್ರಸ್ಟಿನ ಸಭೆಯಲ್ಲಿ ಯಾರೋ ನನ್ನ ಕಡೆ ಬೆರಳು ತೋರಿಸಿದಾಗ ನೀವೇ ಅಡ್ಡ ಬಂದಿರಿ. “ರಾಯರಿಗೆ ವಯಸ್ಸಾಗಿದೆ, ಕಣ್ತಪ್ಪಿರ್ಬಹುದು. ಓದದೆ ಸೈನ್ ಮಾಡಿದ್ದು ನಾನು.” ಪಕ್ಕದ ಕುರ್ಚಿಯಲ್ಲೇ ಇದ್ದೆ. ಕಣ್ತಪ್ಪಲಿಲ್ಲ ಎಂದು ಆಗಲಾದರೂ — ಇಲ್ಲ, ಬಾಯಿ ತೆರೆಯಲಿಲ್ಲ. ತಪ್ಪು ಹೊತ್ತುಕೊಂಡು ನೀವು ಕೊಟ್ಟ ರಾಜೀನಾಮೆಯನ್ನು ಅಂಗೀಕರಿಸುವ ನಿರ್ಣಯವನ್ನು ಬರೆದದ್ದೂ ನಾನೇ. ನೀವು ಅಂಬತ್ತೂರಿನಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರಿದಿರಿ. ನಾನು ಟ್ರಸ್ಟಿಯಾಗಿಯೇ ಉಳಿದೆ.

ಈಗ ದಣಿದಿದ್ದೇನೆ. ದಣಿವು ಪಶ್ಚಾತ್ತಾಪವಲ್ಲ ಎಂಬುದೂ ಗೊತ್ತು. ಈ ಪತ್ರದ ಒಂದು ಪ್ರತಿಯನ್ನು ಟ್ರಸ್ಟಿಗೆ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಸೆಲ್ವಿಯ ಮನೆಗೆ ಹೋಗಿ ಇದಿಷ್ಟನ್ನೂ ತಮಿಳಿನಲ್ಲಿ ಹೇಳಬೇಕು. ತನ್ನ ಗಂಡನನ್ನು ಕೈಬಿಟ್ಟವರು ನೀವೆಂದೇ ಆಕೆ ಇವತ್ತಿಗೂ ತಿಳಿದಿದ್ದಾಳೆ.