ಬೀಡಿ ಹೊತ್ತಿಸದ ಸೋಲ್ಡರಿಂಗ್ ಐರನ್

ವಾಮದಪದವಿನ ಧರ್ಣಪ್ಪನ ಮೀಸೆಯ ಎಡಭಾಗ ಬಲಭಾಗಕ್ಕಿಂತ ಯಾವಾಗಲೂ ಗಿಡ್ಡ. ಅದಕ್ಕೆ ಕ್ಷೌರಿಕನನ್ನು ಬೈಯಬೇಡಿ. ಧರ್ಣಪ್ಪ ಬೀಡಿ ಹೊತ್ತಿಸುವುದು ಬೆಂಕಿಕಡ್ಡಿಯಲ್ಲಿ ಅಲ್ಲ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನಲ್ಲಿ. ಬೀಡಿಯನ್ನು ತುಟಿಯಲ್ಲಿ ಕಚ್ಚಿಕೊಂಡು, ಕಾದ ಐರನ್ನಿನ ತುದಿಯನ್ನು ಅದಕ್ಕೆ ಮುಟ್ಟಿಸಿ ಮೂರು ದಮ್ಮು ಎಳೆಯುತ್ತಾನೆ. ಹೊತ್ತಿಕೊಂಡರೆ ಐರನ್ ಸರಿಯಾಗಿ ಕಾದಿದೆ ಎಂದು ಲೆಕ್ಕ, ಕೆಲಸ ಶುರು. ಮೂರನೇ ದಮ್ಮಿಗೂ ಹೊತ್ತದಿದ್ದರೆ ವೋಲ್ಟೇಜ್ ಇಲ್ಲ, ಗಿರಾಕಿ ನಾಳೆ ಬರಬೇಕು. ಹದಿನೇಳು ವರ್ಷ ಅವನ ಅಂಗಡಿ ನಡೆದದ್ದು ಹೀಗೆ.

ನನಗೆ ಇದೆಲ್ಲ ಗೊತ್ತಿರುವುದು ನನ್ನ ಎಸ್‌ಟಿಡಿ ಬೂತಿಗೂ ಅವನ ರಿಪೇರಿ ಅಂಗಡಿಗೂ ನಡುವೆ ಒಂದೇ ಹಲಗೆ ಇರುವುದರಿಂದ. ಅವನ ಬೀಡಿಯ ಹೊಗೆ, ರಾಳದ ಹೊಗೆ, ಬೈಗುಳ ಮೂರೂ ಆ ಹಲಗೆಯ ಸಂದಿನಿಂದ ಧರ್ಮಕ್ಕೆ ಸಿಗುತ್ತಿದ್ದವು.

ಧರ್ಣಪ್ಪ ವಿದ್ಯೆ ಕಲಿತದ್ದು ಮೂಡುಬಿದಿರೆಯ ಒಂದು ರೇಡಿಯೋ ಅಂಗಡಿಯಲ್ಲಿ, ಆರೇ ತಿಂಗಳು. ಏಳನೇ ತಿಂಗಳು ಧಣಿಗೇ ಕಲಿಸಲು ಹೊರಟನಂತೆ, ಅವರು ಕೈಮುಗಿದು ಬಸ್ಸು ಹತ್ತಿಸಿದರು. ಎಂಬತ್ತೊಂಬತ್ತರಲ್ಲಿ ಇಲ್ಲಿ ಅಂಗಡಿ ಹಾಕಿದ. ಕೈ ಚುರುಕು ಎಂಬುದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ನೆರಿಯ ಊರಿನ ಗುಡ್ಡದ ಮೇಲಿನ ಮನೆಗಳಿಗೆ ಕರೆಂಟ್ ಬಾರದ ಕಾಲದಲ್ಲಿ ಜನ ಕಾರಿನ ಬ್ಯಾಟರಿ ಕಟ್ಟಿ ಟಿವಿ ನೋಡುತ್ತಿದ್ದರು. ಅದು ಕೆಟ್ಟರೆ ಧರ್ಣಪ್ಪನೇ ಹೋಗಬೇಕು. ತುದಿಯಲ್ಲಿ ಹೆಬ್ಬೆಟ್ಟಿನಷ್ಟು ದಪ್ಪದ ತಾಮ್ರದ ಬಿಟ್ ಇರುವ ಐರನ್ನನ್ನು ಆ ಮನೆಯ ಒಲೆಯ ಕೆಂಡದಲ್ಲಿ ಹುಗಿದು, ಕಾಯಿಸಿ, ಓಡಿ ಬಂದು, ಆರುವ ಮೊದಲು ಬೆಸುಗೆ ಹಾಕುವುದು. ಮತ್ತೆ ಒಲೆಗೆ ಓಟ. ಒಂದು ಜಾಯಿಂಟಿಗೆ ನಾಲ್ಕು ಓಟ. ಹೀಗೆ ಓಡಿ ಓಡಿ ಅವನಿಗೆ ಒಂದು ಆಸೆ ಹುಟ್ಟಿತ್ತು: ವಯರೂ ಬೇಡ, ಒಲೆಯೂ ಬೇಡ, ಕಿಸೆಯಲ್ಲಿ ಹಾಕಿಕೊಂಡು ಹೋಗುವ ಐರನ್ ಒಂದು ಬೇಕು.

ಅಂಥದ್ದು ಇದೆಯೆಂದು ತಿಳಿಸಿದವನು ಅವನ ಶಾಲೆಯ ಜೊತೆಗಾರ, ಸೌದಿಯ ದಮಾಮಿನಲ್ಲಿ ದುಡಿಯುತ್ತಿದ್ದ ಸುಲೈಮಾನ್. ಎರಡು ಸಾವಿರದ ಆರರಲ್ಲಿ, ಮಗಳು ಸಜ್ನಾಳ ಮದುವೆಗೆ ಬರುವ ಮುಂಚೆ, ನನ್ನ ಬೂತಿಗೆ ಫೋನ್ ಮಾಡಿ ಧರ್ಣಪ್ಪನನ್ನು ಕರೆಸಿದ.

"ಮೂರು ನಮೂನೆ ಉಂಟು ಮಾರಾಯ. ಒಂದಕ್ಕೆ ಗ್ಯಾಸ್ ತುಂಬಿಸ್ಬೇಕು."

"ಅದನ್ನು ವಿಮಾನದಲ್ಲಿ ತಂದ್ರೆ ನಿನ್ನನ್ನು ಅಲ್ಲೇ ಕೂರಿಸ್ತಾರೆ. ಬೇಡ."

"ಇನ್ನೊಂದು ಚಾರ್ಜ್ ಮಾಡುವಂಥದ್ದು."

"ಚಾರ್ಜಿಗೆ ಕರೆಂಟ್ ಬೇಡ್ವಾ? ಕರೆಂಟ್ ಇದ್ರೆ ನನ್ನ ಹಳೆಯದೇ ಸಾಕಲ್ಲ. ಮೂರನೆಯದ್ದು ಎಂತ?"

"ನಾಲ್ಕು ಪೆನ್ಸಿಲ್ ಸೆಲ್ ಹಾಕುವಂಥದ್ದು. ಎಕ್ಸ್‌ಟ್ರಾ ಬಿಟ್ ಬೇಕಾ ಕೇಳ್ತಾ ಇದ್ದಾನೆ ಅಂಗಡಿಯವ."

"ಬಿಟ್ ಎಂತಕ್ಕೆ? ನನ್ನ ಕೈಯಲ್ಲಿ ಇದುವರೆಗೆ ಒಂದು ಬಿಟ್ ಸತ್ತದ್ದುಂಟಾ?"

ಮೂರರಲ್ಲಿ ಒಂದನ್ನು ಆರಿಸಿದ್ದು ಬುದ್ಧಿವಂತಿಕೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಿಟ್ ಬೇಡವೆಂದದ್ದು ಅಹಂಕಾರ.

ಏಪ್ರಿಲಿನಲ್ಲಿ ಸುಲೈಮಾನ್ ಬಂದ. ಮನೆಗೆ ಹೋಗಿ ಸ್ನಾನ ಮಾಡಿದವನೇ ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದ. ಕಪ್ಪು ಹಿಡಿಕೆ, ತುದಿಯಲ್ಲಿ ಪೆನ್ಸಿಲಿನಂಥ ಬೂದು ಬಿಟ್, ಅದರ ನಡುವೆ ಕೂದಲೆಳೆಯಷ್ಟು ಸೀಳು. ಜೊತೆಗೆ ಇಂಗ್ಲಿಷಿನ ಒಂದು ಕಾಗದ. ಕಾಗದವನ್ನು ಧರ್ಣಪ್ಪ ನನ್ನತ್ತ ಎಸೆದ. "ಕಾಗದ ಓದಿ ಕೆಲಸ ಮಾಡುವವ ಮೆಕ್ಯಾನಿಕ್ ಅಲ್ಲ, ಗುಮಾಸ್ತ." ಗುಮಾಸ್ತನೇ ಆದ ನಾನೂ ಅದನ್ನು ಓದಲಿಲ್ಲ, ಜೆರಾಕ್ಸ್ ಮೆಷಿನ್ನಿನ ಕೆಳಗೆ ತುರುಕಿದೆ.

ನಾಲ್ಕು ಹೊಸ ಸೆಲ್ ಹಾಕಿದ. ಬಟನ್ ಒತ್ತಿದ. ಬೀಡಿಗೆ ಮುಟ್ಟಿಸಿದ. ಒಂದು ದಮ್ಮು, ಎರಡು, ಮೂರು. ಬೀಡಿ ತಣ್ಣಗೆ ಕೂತಿತ್ತು. ಸೆಲ್ ತಿರುಗಿಸಿ ಹಾಕಿದ, ಅಂಗಿಯಲ್ಲಿ ಉಜ್ಜಿದ, ಮತ್ತೆ ಮೂರು ದಮ್ಮು ಎಳೆದ. ನಾಲ್ಕನೆಯದಕ್ಕೆ ಕೆಮ್ಮು ಬಂತೇ ಹೊರತು ಹೊಗೆ ಬರಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಒಳಗೆ ಇಣುಕಿದ್ದರು. ಧರ್ಣಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟ.

"ನಿನಗೆ ಟೋಪಿ ಹಾಕಿದ್ದಾರೆ ಸುಲೈಮಾನ್. ಇದು ಡೂಪ್ಲಿಕೇಟ್ ಮಾಲು. ಇದರಲ್ಲಿ ಬೀಡಿಯೂ ಹೊತ್ತುವುದಿಲ್ಲ, ಬೆಸುಗೆ ಎಲ್ಲಿಂದ?"

ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದವನಿಗೆ ಹತ್ತು ಜನರ ಎದುರು ಹೀಗೆ ಹೇಳಬಾರದು. ಸುಲೈಮಾನನ ಮುಖ ಸಣ್ಣದಾಯಿತು. "ನಾಲ್ಕು ಅಂಗಡಿ ತಿರುಗಿ ತಂದದ್ದು ನಾನು," ಎಂದಷ್ಟೇ ಹೇಳಿ ಹೋದ. ಮರುದಿನದಿಂದ ಅವನು ಆಚೆ ಬದಿಯ ರಸ್ತೆಯಲ್ಲಿ ನಡೆಯತೊಡಗಿದ. ಮದುವೆಯ ಕಾಗದ ಧರ್ಣಪ್ಪನಿಗೆ ನನ್ನ ಕೈಯಲ್ಲಿ ಬಂತು.

ಐರನ್ ಹೋಗಿ ಸೇರಿದ್ದು ಧರ್ಣಪ್ಪನ ಹೆಂಡತಿ ಪ್ರೇಮಾವತಿಯ ತಡ್ಪೆಗೆ. ಬಂಟ್ವಾಳ ತಾಲೂಕಿನ ಅರ್ಧ ಹೆಂಗಸರಂತೆ ಆಕೆಯೂ ಬೀಡಿ ಕಟ್ಟುವವಳು. ಮೊರದಂಥ ಆ ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು ಇರುತ್ತವೆ. ಬೀಡಿಯ ಬಾಯಿ ಮುಚ್ಚಲು ಐರನ್ನಿನ ತುದಿ ಅನುಕೂಲವೆಂದು ಅವಳು ಅದನ್ನು ಇಟ್ಟುಕೊಂಡಳು. ಒಂದು ಮಧ್ಯಾಹ್ನ ಮೊಣಕೈ ತಾಗಿ ಬಟನ್ ಒತ್ತಿಕೊಂಡಿತು. ಬಿಟ್ ಕತ್ತರಿಯ ಅಲಗಿಗೆ ಅಡ್ಡ ಬಿದ್ದಿತ್ತು. ಚಿಟ್ ಎಂದು ಕಿಡಿ ಬಂದು, ಪಕ್ಕದ ಎಲೆ ಹೊಗೆಯಾಡಿತು. ಎತ್ತಿದ ಕೂಡಲೇ ತಣ್ಣಗಾಯಿತು. ಅವಳು ಮತ್ತೆ ನಾಲ್ಕು ಸಲ ಮಾಡಿ ನೋಡಿದಳು. ಕಬ್ಬಿಣಕ್ಕೆ ಮುಟ್ಟಿದರೆ ಬಿಸಿ, ಎಲೆಗೆ ಮುಟ್ಟಿದರೆ ತಣ್ಣಗೆ.

ಗಂಡನಿಗೆ ಹೇಳಿದಳು: "ಅದಕ್ಕೆ ಜೀವ ಉಂಟು. ಸೀಳಿನ ಎರಡೂ ಬದಿ ಲೋಹಕ್ಕೆ ತಾಗ್ಬೇಕು, ಆಗ ಕಾಯ್ತದೆ."

"ನೀನು ಬೀಡಿ ಕಟ್ಟು. ಮೆಕ್ಯಾನಿಕ್ ನಾನಾ ನೀನಾ?"

ಇನ್ನು ಸುಲೈಮಾನನ ತಾಯಿ ಅವ್ವಮ್ಮನ ವಿಷಯ. ಅವರಿಗೆ ಎಂಬತ್ತರ ಹತ್ತಿರ. ಕಿವಿ ಕೇಳಿಸುವುದಿಲ್ಲ. ಸುಲೈಮಾನ್ ಒಂದು ಕಿವಿಯ ಯಂತ್ರ ತಂದುಕೊಟ್ಟಿದ್ದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಎದೆಯ ಮೇಲೆ ಕುಪ್ಪಸಕ್ಕೆ ಸಿಕ್ಕಿಸಿರುತ್ತದೆ, ಅಲ್ಲಿಂದ ಕಿವಿಗೆ ಒಂದು ವಯರು. ಸೊಸೆ ಮಾತಾಡಲು ಬಂದರೆ ಆಫ್ ಮಾಡುತ್ತಾರೆ, ಮೀನಿನವನ ಹಾರ್ನ್ ಕೇಳುವ ಹೊತ್ತಿಗೆ ಆನ್ ಮಾಡುತ್ತಾರೆ. ಆ ವಯರಿಗೆ ಎಲೆಅಡಿಕೆಯ ಚೀಲವನ್ನೂ ಕಟ್ಟಿಕೊಂಡರೆ ಅದು ಎಷ್ಟು ದಿನ ಬಾಳೀತು? ಎರಡು ತಿಂಗಳಿಗೊಮ್ಮೆ, ಡಬ್ಬಿಗೆ ಸಿಕ್ಕಿಸುವ ಪಿನ್ನಿನ ಬುಡದಲ್ಲಿ ತುಂಡಾಗಿ ಧರ್ಣಪ್ಪನ ಮೇಜಿಗೆ ಬರುತ್ತಿತ್ತು. ಅವನ ದಪ್ಪ ಐರನ್ ಆ ಸಣ್ಣ ಪಿನ್ನಿನ ಮೇಲೆ ಗೇರುಬೀಜದಷ್ಟು ಸೀಸ ಸುರಿಯುತ್ತಿತ್ತು. ವಯರು ನಿಲ್ಲುತ್ತಿತ್ತು, ಆದರೆ ಒಳಗೆ ಸದಾ ಕರಕರ. ಫೋನಿನಲ್ಲಿ ಮಗನ ಮಾತೆಲ್ಲ ಅವರಿಗೆ ಕರಕರವೇ. ಇಷ್ಟು ವರ್ಷ ಮಗನ ಸ್ವರ ಸರಿಯಾಗಿ ಕೇಳದೆ ಅವರು ಫೋನನ್ನೇ ಬಿಟ್ಟಿದ್ದರು.

ಅವರಿಗಿದ್ದದ್ದು ಒಂದೇ ಹಠ, ಮೊಮ್ಮಗಳ ನಿಕಾಹಿನ ಮಾತು ತನ್ನ ಕಿವಿಗೆ ಬೀಳಬೇಕು. "ನನ್ನ ನಿಕಾಹ್ ನಾನೇ ಕೇಳಲಿಲ್ಲ," ಎಂದು ನನ್ನ ಬೂತಿನ ಬೆಂಚಿನಲ್ಲಿ ಕೂತು ಹೇಳಿದ್ದರು. "ಒಳಗೆ ಕೂರಿಸಿದ್ರು. ಆಚೆ ಅಕ್ಕಿ ಕುಟ್ಟುವ ಸದ್ದು. ಸುಲೈಮಾನನದ್ದು ಹೆಣ್ಣಿನ ಮನೆಯಲ್ಲಿ ಆಯ್ತು, ನಾನು ಅಲ್ಲಿರ್ಲಿಲ್ಲ. ಈಗ ಮೈಕ್ ಉಂಟು, ಯಂತ್ರ ಉಂಟು. ಇದೊಂದು ಕೇಳ್ಬೇಕು."

ಮದುವೆಯ ಬೆಳಿಗ್ಗೆ, ಮೇ ತಿಂಗಳ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಮೈಕಿನವನಲ್ಲಿ ಬ್ಯಾಟರಿ ಇದ್ದುದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹನ್ನೊಂದಕ್ಕೆ, ವಿಟ್ಲದಿಂದ ಮದುಮಗ ರಮೀಝನ ಜೀಪುಗಳು ಸುಲೈಮಾನನ ಮನೆಯ ಮುಂದೆ ಬಂದು ನಿಂತ ಹೊತ್ತಿಗೆ, ಒಳಗಿನಿಂದ ಅವ್ವಮ್ಮನ ಬೊಬ್ಬೆ ಕೇಳಿತು. ಕಪಾಟಿನ ಬೀಗಕ್ಕೆ ಸಿಕ್ಕಿ ವಯರು ಪಿನ್ನಿನಿಂದ ಕಿತ್ತು ಬಂದಿತ್ತು. ಕೂದಲಿನಂಥ ಎಳೆಗಳು, ತಿರುಚಿ ಸಿಕ್ಕಿಸಿದರೆ ನಿಲ್ಲುವುದಿಲ್ಲ.

"ಧರ್ಣನನ್ನು ಕರೀರಿ!" ಎಂದರು ಅವ್ವಮ್ಮ. ಮಗನೂ ಧರ್ಣಪ್ಪನೂ ಮಾತು ಬಿಟ್ಟದ್ದು ಅವರಿಗೆ ಕೇಳಿರಲಿಲ್ಲ. ಕೇಳಿದ್ದರೂ ಕರೆಯುತ್ತಿದ್ದರು.

ಧರ್ಣಪ್ಪ ಊಟದ ಚಪ್ಪರದ ಕಡೆಯ ಬೆಂಚಿನಲ್ಲಿ ನನ್ನ ಜೊತೆ ಕೂತಿದ್ದ. ಎದ್ದು ಅಂಗಡಿಗೆ ಓಡಿ ನೆರಿಯದ ಕಾಲದ ತಾಮ್ರದ ಐರನ್ ತಂದು ಬಿರಿಯಾನಿಯ ಒಲೆಗೆ ಹುಗಿದ. ಅದು ಕೆಂಪಗೆ ಕಾದು ಬಂತು. ಪಿನ್ನಿಗೆ ಮುಟ್ಟಿಸುವ ಮೊದಲೇ ಪಿನ್ನಿನ ಪ್ಲಾಸ್ಟಿಕ್ ಅಂಚು ಮುದುಡಿತು. ಮುಟ್ಟಿಸಿಯೇ ಬಿಟ್ಟರೆ ಪಿನ್ನೇ ಇರುವುದಿಲ್ಲ. ಅವನ ಹಣೆಯಿಂದ ಬೆವರು ಇಳಿಯಿತು. ಆಚೆ ನಿಕಾಹ್ ನಡೆಸುವ ಉಸ್ತಾದರು ಕೂತಾಗಿತ್ತು. ಬಾಗಿಲ ಪರದೆಯ ಸಂದಿನಲ್ಲಿ ಅವ್ವಮ್ಮ ಬರಿಗಿವಿಯಲ್ಲಿ ನಿಂತು ಎಲ್ಲರ ಬಾಯಿಯನ್ನೇ ನೋಡುತ್ತಿದ್ದರು.

ಆಗ ಪ್ರೇಮಾವತಿ ಹೆಂಗಸರ ಕಡೆಯಿಂದ ಬಂದು, ಸೆರಗಿನೊಳಗಿಂದ ಕಪ್ಪು ಹಿಡಿಕೆಯದ್ದನ್ನು ತೆಗೆದು ಗಂಡನ ಮುಂದೆ ಹಿಡಿದಳು. ಧರ್ಣಪ್ಪನಿಗೆ ಕರೆ ಬಂದ ಕೂಡಲೇ ಅವಳು ಮನೆಗೆ ಹೋಗಿ ತಂದಿದ್ದಳು.

"ಎರಡೂ ಬದಿ ತಾಗ್ಬೇಕು," ಎಂದಳು.

ಧರ್ಣಪ್ಪ ಐರನ್ನನ್ನು ನೋಡಿದ, ಸುತ್ತ ನಿಂತ ಜನರನ್ನು ನೋಡಿದ. ಅಂಗಡಿಯಲ್ಲಿ ಆವತ್ತು ತೀರ್ಪು ಕೇಳಿದವರೆಲ್ಲ ಅಲ್ಲೇ ಇದ್ದರು. ಅವನು ಮರ್ಯಾದೆಗೆ ಅಂಜಿ ಕೈ ಚಾಚದಿದ್ದರೆ ನಾನು ಜನ್ಮದಲ್ಲಿ ಅವನ ಮುಖ ನೋಡುತ್ತಿರಲಿಲ್ಲ. ಚಾಚಿದ.

ಪಿನ್ ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಹೊಸ ಬಿಳಿ ಅಂಗಿಯ ಸುಲೈಮಾನ್ ಗುಂಪು ಸರಿಸಿ ಬಂದು, ಚಿಮಟದಲ್ಲಿ ಪಿನ್ ಹಿಡಿದು ಕುಕ್ಕರಗಾಲಿನಲ್ಲಿ ಕೂತ. ಧರ್ಣಪ್ಪ ವಯರನ್ನು ಡಬ್ಬಿಯಿಂದ ಪೂರ್ತಿ ಬಿಡಿಸಿ ಬದಿಗಿಟ್ಟ, ಸೆಲ್ಲಿನ ಕರೆಂಟ್ ಒಳಗೆ ಹೋಗಿ ಯಂತ್ರವೇ ಸುಟ್ಟರೆ ಎಂಬ ಹೆದರಿಕೆಗೆ. ಎಳೆಯನ್ನು ಪಿನ್ನಿಗೆ ಸುತ್ತಿ, ಬಿಟ್ಟಿನ ಸೀಳು ಸರಿಯಾಗಿ ಪಿನ್ನಿನ ಮೇಲೆ ಕೂರುವಂತೆ ಇಟ್ಟು ಬಟನ್ ಒತ್ತಿದ. ಚಿಟ್ ಎಂದಿತು. ಸೀಸ ಕರಗಿ ಎಳ್ಳಿನಷ್ಟೇ ಹನಿಯಾಗಿ ಎಳೆಯ ಸುತ್ತ ಕೂತಿತು. ಎತ್ತಿದ.

"ಬಂತಾ?" ಎಂದ ಸುಲೈಮಾನ್. ಒಂದು ತಿಂಗಳ ಮೇಲೆ ಮೊದಲ ಮಾತು.

"ಬಂತು."

"ಡೂಪ್ಲಿಕೇಟ್ ಅಂದಿದ್ದಿ."

"ಮಾಲು ಸರಿ ಉಂಟು. ಬೀಡಿ ಡೂಪ್ಲಿಕೇಟ್."

"ಬೀಡಿ ಕಟ್ಟಿದ್ದು ನಾನು," ಎಂದಳು ಪ್ರೇಮಾವತಿ. ಧರ್ಣಪ್ಪ ಪಿನ್ನನ್ನು ಡಬ್ಬಿಗೆ ಸಿಕ್ಕಿಸಿ ಯಂತ್ರವನ್ನು ಅವಳ ಕೈಗೆ ಕೊಟ್ಟ, ಅವಳು ಅದನ್ನು ಅವ್ವಮ್ಮನಿಗೆ ತೊಡಿಸಿದಳು.

ಸುಲೈಮಾನ್ ಓಡಿಹೋಗಿ ಮೈಕಿನ ಮುಂದೆ ಕೂತು, ರಮೀಝನ ಕೈ ಹಿಡಿದು, ಮಗಳನ್ನು ಕೊಡುವ ಮಾತು ಹೇಳಿದ. ರಮೀಝ್ ಒಪ್ಪಿದೆ ಎಂದ. ಕೂಡಲೇ ಪರದೆಯ ಹಿಂದಿನಿಂದ ಅವ್ವಮ್ಮನ ಸ್ವರ, ಕಿವುಡರ ಸ್ವರದಷ್ಟೇ ದೊಡ್ಡದಾಗಿ, ಇಡೀ ಮದುವೆಗೆ ಕೇಳಿಸಿತು.

"ನನ್ನ ಮಗನ ಗಂಟಲು ಕಟ್ಟಿತು! ಹೆಣ್ಣು ಕೊಡುವಾಗ ಗಂಟಲು ಕಟ್ಟಿತು, ನೀವು ಯಾರೂ ಕೇಳ್ಲಿಲ್ವಾ?"

ನಾವೆಲ್ಲ ಕೇಳಿದ್ದೆವು. ಗಂಡಸರ ಪದ್ಧತಿಯಂತೆ ಕೇಳದವರ ಹಾಗೆ ನೆಲ ನೋಡುತ್ತಿದ್ದೆವು. ಸುಲೈಮಾನ್ ಈಗ ಎಲ್ಲರೆದುರು ಟವಲಿನಲ್ಲಿ ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಬಿರಿಯಾನಿಯ ಹೊಗೆ ಎಂದು ಸುಳ್ಳು ಹೇಳುವುದಿಲ್ಲ.

ಊಟವಾದ ಮೇಲೆ ಚಪ್ಪರದ ಹಿಂದೆ ಧರ್ಣಪ್ಪ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದವನ್ನು ಬೀಡಿಯ ತುದಿಗೆ ಸುತ್ತುತ್ತಿದ್ದ. ಲೋಹ ತಾಗಿದರೆ ಕಾಯುತ್ತದೆ ಎಂದು ಕಲಿತಾಗಿತ್ತಲ್ಲ. ಬಿಟ್ಟನ್ನು ಒತ್ತಿ ಹಿಡಿದ. ಬೀಡಿ ಹೊತ್ತಿತು. ಗೆಲುವಿನಲ್ಲಿ ಇನ್ನೂ ಸ್ವಲ್ಪ ಒತ್ತಿದ. ಬಳಪದ ಹಾಗೆ ಬಿಟ್ ಲಟಕ್ಕನೆ ಎರಡು ತುಂಡಾಯಿತು. ಎಕ್ಸ್‌ಟ್ರಾ ಬಿಟ್ ಇದ್ದದ್ದು ದಮಾಮಿನಲ್ಲಿ. ಮರುದಿನ ನಾನು ಜೆರಾಕ್ಸ್ ಮೆಷಿನ್ನಿನ ಕೆಳಗಿನ ಕಾಗದ ತೆಗೆದು ಓದಿದೆ. ಎರಡೂ ಬದಿ ಲೋಹಕ್ಕೆ ತಾಗಬೇಕೆಂಬುದು ಮೊದಲನೇ ಸಾಲಿನಲ್ಲಿತ್ತು, ಜೋರಾಗಿ ಒತ್ತಬಾರದೆಂಬುದು ಎರಡನೆಯದರಲ್ಲಿ.

ಆ ಬಿಟ್ ಆಯುಷ್ಯದಲ್ಲಿ ಹಾಕಿದ್ದು ಆ ಒಂದೇ ಬೆಸುಗೆ. ಅವ್ವಮ್ಮ ಎಲೆಅಡಿಕೆಯ ಚೀಲವನ್ನು ವಯರಿನಿಂದ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರು. ಸುಲೈಮಾನ್ ವಾಪಸು ಹೋದ ಮೇಲೆ ಶುಕ್ರವಾರಗಳಲ್ಲಿ ನನ್ನ ಬೂತಿಗೆ ಬರತೊಡಗಿದರು. ಈಗ ಕರಕರ ಇಲ್ಲ. ಮೊದಲ ಶುಕ್ರವಾರ ಸುಲೈಮಾನ್ ತಾಯಿಗೆ ಫೋನ್ ಕೊಡು ಎನ್ನುವ ಮುಂಚೆ ನನ್ನ ಹತ್ತಿರ ಹೇಳಿದ: "ಅವನಿಗೆ ಬಿಟ್ ಕಳಿಸ್ಬೇಕಾ ಕೇಳು."

ನಾನು ಹಲಗೆಗೆ ಗುದ್ದಿ ಕೇಳಿದೆ. ಆಚೆಯಿಂದ ಹೊಗೆಯ ಜೊತೆ ಉತ್ತರ ಬಂತು. "ನಾಲ್ಕು ಕಳಿಸ್ಲಿಕ್ಕೆ ಹೇಳು!"

ಆಮೇಲೆ ರಿಸೀವರನ್ನು ಅವ್ವಮ್ಮನಿಗೆ ಕೊಟ್ಟೆ. ಯಂತ್ರದ ಕಿವಿ ಇರುವುದು ಎದೆಯ ಮೇಲಿನ ಡಬ್ಬಿಯಲ್ಲಿ ತಾನೇ, ಅವರು ರಿಸೀವರನ್ನು ಕಿವಿಗೆ ಇಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಮಗ ಹೇಳಿದ್ದನ್ನೆಲ್ಲ ಕೇಳಿದರು.