ಬಾಯಿ ಬಲಕ್ಕಿದ್ದ ಬಸವನಹುಳು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಇಬ್ಬರೇ: ನಾನು, ಮತ್ತು ಸಿರ್ಗಾಪುರದಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬ ಹೆಣ್ಣುಮಗಳು. ಆಕೆ ಚೀಲದಿಂದ ಒಂದು ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಮಾವ ಸಾಯೂ ಮುಂದ ಹೇಳಿದ್ದ್ರಿ, ಮಾಸ್ತರಿಗೆ ಮುಟ್ಟಸು ಅಂತ. ಹೊಲದ ಕೆಲಸದಾಗ ತಡ ಆತು."

ಮುಚ್ಚಳ ತಿರುಗಿಸಿದೆ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮೂರು ಬಸವನಹುಳು, ಜೊತೆಗೆ ಒಂದು ರೂಪಾಯಿಯ ನಾಣ್ಯ.

ಆಕೆಯ ಮಾವ ಕುರಿಗಾರ, ನನಗಿಂತ ನಾಲ್ಕೈದು ವರ್ಷ ಹಿರಿಯ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಸುಮ್ಮನೆ ಕೂರಲಾಗದೆ, ನಮ್ಮ ಕಡೆಯ ಕೆರೆ ಹೊಂಡಗಳ ಬಸವನಹುಳು, ಜಿಗಣೆ, ಸಿಗಡಿಗಳನ್ನು ಗುರುತಿಸಲು ಇಂಟರ್ನೆಟ್ಟಿನಲ್ಲಿ ಒಂದು ವಿಕಿ ಶುರು ಮಾಡಿದ್ದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಹಾಗೆಂದು ಶಿಸ್ತು ಬಿಡಲಾದೀತೇ? ಮೂರು ಮಾದರಿ ಬೇಕು, ಅಳತೆಗೆ ಪಕ್ಕದಲ್ಲಿ ನಾಣ್ಯ ಬೇಕು, ಫೋಟೋ ಬೇಕು. ಫೋಟೋ ಇಲ್ಲದ ಮಾತು ಪುಟಕ್ಕೆ ಸೇರದು. ದಿನಾ ಬೆಳಿಗ್ಗೆ ಎರಡು ತಾಸು ಇದನ್ನೇ ಪರಿಶೀಲಿಸುತ್ತಿದ್ದೆ. ಈಗೀಗ ಅದೂ ದಣಿವು...

ಆ ಕುರಿಗಾರರನ್ನು ಮೊದಲು ಕಂಡದ್ದು ನಾರಾಯಣಖೇಡದ ಹತ್ತಿರದ ಒಂದು ಕೆರೆಯಲ್ಲಿ. ನಾನು ಪ್ಯಾಂಟು ಮಡಚಿ ನೀರಿಗಿಳಿದಿದ್ದೆ. ದಂಡೆಯ ಮೇಲಿಂದ ಕೇಳಿದರು: "ಮಾಸ್ತರ, ಚಹಾ ಸೋಸೂ ಜಾಳಗಿ ತಂದೀರಿ, ಮೀನ ಹ್ಯಾಂಗ ಸಿಗತಾವ?" ಅಂದಿನಿಂದ ಸಂತೆಗೆ ಬಂದಾಗಲೆಲ್ಲ ಟವೆಲಿನ ತುದಿಯಲ್ಲಿ ಏನಾದರೂ ಕಟ್ಟಿಕೊಂಡು ನಮ್ಮ ಮನೆಗೆ ಬರುತ್ತಿದ್ದರು.

ಬೇಸಿಗೆಯಲ್ಲಿ ಅವರ ಹಿಂಡು ತಾಂಡೂರಿನ ಕಡೆ ಹೋಗುತ್ತಿತ್ತು. ಅಲ್ಲಿಯ ಹಳೆಯ ಕಲ್ಲುಗಣಿಯ ಹೊಂಡವೊಂದರ ಬಸವನಹುಳುವಿಗೆ ನಮ್ಮಲ್ಲಿ ಒಂದು ಪುಟವಿತ್ತು. ಫೋಟೋ ಕಳಿಸಿದವರು ತಾಂಡೂರಿನ ಒಬ್ಬ ಬ್ಯಾಂಕ್ ಉದ್ಯೋಗಿ. ಚಿಪ್ಪಿನ ತುದಿ ಮೇಲಿಟ್ಟು ನೋಡಿದಾಗ ಬಾಯಿ ಬಲಕ್ಕಿದ್ದರೆ, ಅದು ಕುರಿಯ ಯಕೃತ್ತು ಸೇರುವ ಚಪ್ಪಟೆ ಹುಳುವನ್ನು ಸಾಕುವ ಜಾತಿ. ಎಡಕ್ಕಿದ್ದರೆ ನಿರಪಾಯ. ಫೋಟೋದಲ್ಲಿ ಬಾಯಿ ಎಡಕ್ಕಿತ್ತು. 'ಕುರಿಗಳಿಗೆ ಅಪಾಯವಿಲ್ಲ' ಎಂದು ನಾನೇ ಬರೆದೆ.

ಒಂದು ದಿನ ಕುರಿಗಾರರು ಬರಿಗೈಯಲ್ಲಿ ಬಂದರು.

"ಮಾಸ್ತರ, ಆ ಹೊಂಡದ ನೀರು ಬ್ಯಾಡ ಅಂದಿದ್ದೆ. ಮಗ ಫೋನಿನ್ಯಾಗ ನೋಡಿ, ಏನೂ ಆಗಲ್ಲ ಅಂತ ಬರದದ, ಅಂದ. ಕುಡಿಸಿದ. ಗದ್ದ ಬಾತು ಕುರಿ ಸತ್ತಾವ್ರಿ. ಆ ಮಾತು ತೆಗೀರಿ."

"ಫೋಟೋ ಅದ ಏನು?" ಎಂದೆ.

ಅವರು ನನ್ನ ಮುಖ ನೋಡಿದರು. "ಸತ್ತ ಕುರಿದು ನಡೀತದೇನ್ರಿ?"

ನಾನು ನಗಲಿಲ್ಲ. ನಿಯಮ ಹೇಳಿದೆ: ಮೂರು ಮಾದರಿ, ಒಂದು ನಾಣ್ಯ. ಮುಂದಿನ ಸಲ ಆ ಹೊಂಡದಿಂದಲೇ ತನ್ನಿ, ಫೋಟೋ ನಾನೇ ತೆಗೆಯುತ್ತೇನೆ ಎಂದು ಸ್ಪಿರಿಟ್ ಹಾಕಿದ ಬಾಟಲಿ ಕೊಟ್ಟೆ. ಚಹಾ ಕುಡಿಯದೆ ಎದ್ದು ಹೋದರು. ಆಮೇಲೆ ಬರಲೇ ಇಲ್ಲ. ಚಳಿಗಾಲದಲ್ಲಿ ತೀರಿಹೋದರೆಂದು ಸಂತೆಯಲ್ಲಿ ಯಾರೋ ಹೇಳಿದರು... ಪುಟ ಹಾಗೆಯೇ ಇತ್ತು.

ಬಾಟಲಿಯಲ್ಲಿದ್ದ ಮೂರನ್ನೂ ಬಿಳಿ ತಟ್ಟೆಯ ಮೇಲಿಟ್ಟೆ. ಮೂರರ ಬಾಯಿಯೂ ಬಲಕ್ಕೆ. ಕೂಡಲೇ ತಾಂಡೂರಿಗೆ ಫೋನು ಮಾಡಿದೆ. ಬ್ಯಾಂಕಿನವರು ಹಳೆಯ ಫೋಟೋ ತೆರೆದು ನೋಡಿದರು. "ಸರ್, ನನ್ನ ಫೋನಿನ ಹಿಂದಿನ ಕ್ಯಾಮೆರಾ ಒಡದಿತ್ರಿ. ಸೆಲ್ಫಿ ಕ್ಯಾಮೆರಾದಾಗ ತೆಗದಿದ್ದೆ." ಕನ್ನಡಿಯಲ್ಲಿ ಕಂಡ ಹಾಗೆ ಬಲ ಎಡವಾಗಿತ್ತು. ಪಕ್ಕದ ನಾಣ್ಯದ ಅಕ್ಷರಗಳೂ ತಿರುಗಿದ್ದವು; ನಾನು ನೋಡಿದ್ದು ಅದರ ಅಳತೆ ಮಾತ್ರ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಿಂದಿನ ಕ್ಯಾಮೆರಾದಿಂದಲೇ ತೆಗೆಯಬೇಕೆಂದು ನಾನೆಲ್ಲಿ ಬರೆದಿದ್ದೆ? ಆ ನೀರಿನ ಪಕ್ಕದಲ್ಲೇ ವರ್ಷ ವರ್ಷ ಕುರಿ ಮೇಯಿಸಿದವರು ಎದುರಿಗೆ ಕೂತು ಹೇಳಿದ್ದರು. ಅಷ್ಟು ಸಾಕಿತ್ತು.

ಹೆಣ್ಣುಮಗಳು ಊಟ ಮಾಡಿ ಹೊರಟಳು. "ನಿನ್ನ ಗಂಡಗ ಹೇಳವ್ವ, ತಪ್ಪು ನಂದು ಅಂತ," ಎಂದೆ.

"ಅವರು ಈಗ ಫೋನ್ ನೋಡಲ್ರಿ," ಎಂದು ಚೀಲ ಹೆಗಲಿಗೇರಿಸಿದಳು.

ಮಧ್ಯಾಹ್ನ ಮಲಗಲಿಲ್ಲ. ಹಳೆಯ ಫೋಟೋ ಅಳಿಸಿದೆ, ಹೊಸದು ತೆಗೆದು ಹಾಕಿದೆ. ಈ ಹೊಂಡದಲ್ಲಿ ಕುರಿಗಳಿಗೆ ನೀರು ಕುಡಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಮೊದಲ ಸಾಲಿಗೇ ಬರೆದೆ. ಪುಟ ತಿದ್ದಿದ ಕಾರಣ ಕೇಳುವ ಖಾನೆಯೊಂದಿದೆ. ಅಲ್ಲಿ 'ಸಿರ್ಗಾಪುರದ ಕುರಿಗಾರರು ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ' ಎಂದು ತುಂಬಿದೆ. ಸಂಜೆ ಐದಕ್ಕೆ ಪುಟ ಉಳಿಸಿ, ಕಂಪ್ಯೂಟರ್ ಆರಿಸಿದೆ.