ಬಿಳಿ ಹೊಟ್ಟೆಯ ಹದ್ದಿಗಾಗಿ ಮೂರು ದಿನ

ಶನಿವಾರ ಬೆಳಿಗ್ಗೆ ಭಟ್ಕಳದಲ್ಲಿ ಬಸ್ಸಿಳಿದಾಗ ನನ್ನ ಕ್ಯಾಮೆರಾದಲ್ಲಿ ಇನ್ನೂರು ಫೋಟೋಗಳಿದ್ದವು. ಇನ್ನೂರರಲ್ಲೂ ಹಕ್ಕಿ ಇದ್ದಿಲಿನ ಹಾಗೆ ಕಪ್ಪು. ಕುಮಟಾ ಹತ್ತಿರದ ಬಾಡದಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದಿಂದಲೂ ಸಮುದ್ರದ ದಾರಿಯ ಮಾವಿನ ಮರದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡಿತ್ತು. ಈಗ ರಸ್ತೆ ಅಗಲ ಮಾಡಲು ಆ ಮರಕ್ಕೂ ಕೆಂಪು ಗುರುತು ಬಿದ್ದಿತ್ತು. ಅರ್ಜಿ ಹಿಡಿದು ಹೋದರೆ ಕುಮಟಾದ ಅರಣ್ಯ ಕಚೇರಿಯ ಸಾಹೇಬರು ಫೋಟೋ ನೋಡಿ, ಇದು ಹದ್ದೋ ಕಾಗೆಯೋ ಯಾರಿಗೆ ಗೊತ್ತು ಎಂದು ನಕ್ಕರು. ಬಿಳಿ ಹೊಟ್ಟೆ ಕಾಣುವ ಫೋಟೋ ಸೋಮವಾರ ತನ್ನಿ, ಅಲ್ಲಿಯವರೆಗೆ ಮರ ಮುಟ್ಟುವುದಿಲ್ಲ ಎಂದರು. ಗೂಡಿನಲ್ಲಿ ಮರಿಯೂ ಇತ್ತು.

ಭಟ್ಕಳದ ಇಸ್ಮಾಯಿಲ್ ಮದುವೆ ಫೋಟೋ ತೆಗೆಯುವ ನನ್ನ ಹಳೆಯ ಗೆಳೆಯ. ಶ್ಯಾವಿಗೆ ಬಿರಿಯಾನಿ ಬಡಿಸಿ, ನನ್ನ ಕ್ಯಾಮೆರಾ ತಿರುಗಿಸಿ ನೋಡಿದ. "ಆಕಾಶದ ಬೆಳಕಿಗೆ ಇದು ಹೆದರ್ತದೆ ಮಾಸ್ತರೆ. ಎರಡು ಸ್ಟಾಪ್ ಬೆಳಕು ಜಾಸ್ತಿ ಕೊಡಿ. ಆಕಾಶ ಬಿಳಿಚಿ ಹೋದ್ರೆ ಹೋಗ್ಲಿ," ಎಂದ. ಸೀದಾ ಬಾಡಕ್ಕೆ ಹೋಗಬೇಡಿ, ಹೊನ್ನಾವರದ ಬಂದರಿನಲ್ಲಿ ಒಂದು ದಿನ ಕೈ ಪಳಗಿಸಿಕೊಳ್ಳಿ ಎಂದೂ ಹೇಳಿದ. ನನಗೂ ಅದು ಸರಿಯೆನಿಸಿತು.

ಹೊನ್ನಾವರಕ್ಕೆ ನಲವತ್ತು ಕಿಲೋಮೀಟರ್. ಭಾನುವಾರ ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ದೋಣಿಗಳ ಮೇಲೆ ಗರುಡಗಳು ಸುತ್ತುತ್ತಿದ್ದವು. ಮೀನು ಹೆಚ್ಚುತ್ತಿದ್ದ ಹೆಂಗಸೊಬ್ಬಳು, ದಿನಾ ಮೀನು ಕದಿಯುವ ಹಕ್ಕಿಗೆ ಇಷ್ಟು ದೊಡ್ಡ ಮರ್ಯಾದೆಯೇ ಎಂದು ಚೇಷ್ಟೆ ಮಾಡಿ, ಕರುಳನ್ನು ನೀರಿಗೆಸೆದು ನನಗಾಗಿಯೇ ಹಕ್ಕಿಗಳನ್ನು ಕರೆದಳು. ಸಂಜೆಯೊಳಗೆ ರೆಕ್ಕೆಯಡಿಯ ಕೆಂಗಂದು ಬಣ್ಣ ಸ್ಪಷ್ಟವಾಗಿ ಬರತೊಡಗಿತು. ಬಂಗಡೆ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಅಷ್ಟು ಖುಷಿಯಾಗಿತ್ತು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸೋಮವಾರ ಬೆಳಿಗ್ಗೆ ಕುಮಟಾದಲ್ಲಿ ಬನ್ಸ್ ತಿಂದು ಆಟೋ ಹಿಡಿದೆ. ಬಾಡದ ತಿರುವಿನಲ್ಲಿ ದಾರಿ ತಪ್ಪಿತೇ ಎಂದುಕೊಂಡೆ. ನೆರಳಿರಲಿಲ್ಲ. ಮಾವಿನ ಬುಡದಿಂದ ಇನ್ನೂ ಸೊನೆ ಸುರಿಯುತ್ತಿತ್ತು. ಪಕ್ಕದ ಗದ್ದೆಯಲ್ಲಿ ಬಸಳೆ ಬೆಳೆಯುವ ಗಣಪಿ, ನನ್ನ ಹಳೆಯ ವಿದ್ಯಾರ್ಥಿನಿ, ಎದ್ದು ಬಂದಳು.

"ನಿನ್ನೆ ಮಧ್ಯಾಹ್ನ ರಸ್ತೆಯವ್ರು ಕಡ್ದ್ರು ಮಾಸ್ತರೆ. ಆದಿತ್ಯವಾರ ಮೆಷಿನ್ ಖಾಲಿ ಇತ್ತಂತೆ."

"ಮರಿ?"

"ಜೀವ ಇರ್ಲಿಲ್ಲ. ನಾನೇ ಹೊಂಡ ತೆಗ್ದು ಮುಚ್ಚಿದೆ."

ನಿನ್ನೆ ಮಧ್ಯಾಹ್ನ ನಾನು ಹೊನ್ನಾವರದಲ್ಲಿ ಗರುಡನ ಫೋಟೋ ತೆಗೆಯುತ್ತಿದ್ದೆ. ಇಲ್ಲಿ ಬಂದು ಮರಕ್ಕೆ ಅಡ್ಡ ನಿಂತಿದ್ದರೂ ಸಾಕಿತ್ತು. ಕಡಿದ ಬುಡದ ಮೇಲೆಯೇ ಕುಳಿತುಬಿಟ್ಟೆ.

ಆಗ ಸಮುದ್ರದ ಕಡೆಯಿಂದ ಹದ್ದು ಬಂತು. ಕಾಲಿನಲ್ಲಿ ಮೀನಿತ್ತು. ಕುಳಿತುಕೊಳ್ಳಲು ಜಾಗ ಕಾಣದೆ ನಮ್ಮ ತಲೆಯ ಮೇಲೆ ಸುತ್ತು ಹಾಕತೊಡಗಿತು. ನಿನ್ನೆಯಿಂದಲೂ ಹೀಗೇ ತರ್ತದೆ ಎಂದಳು ಗಣಪಿ. ನಾನು ಕ್ಯಾಮೆರಾ ಎತ್ತಿದೆ. ಯಾಕೆಂದು ಈಗಲೂ ತಿಳಿಯುವುದಿಲ್ಲ. ಎರಡು ಸ್ಟಾಪ್ ಹೆಚ್ಚಿಸಿ ಒತ್ತಿದೆ. ಆಕಾಶ ಬಿಳಿಚಿತು, ಹೊಟ್ಟೆಯ ಒಂದೊಂದು ಬಿಳಿ ಗರಿಯೂ ಬಿಡಿಬಿಡಿಯಾಗಿ ಬಂತು.

ಊರಿಗೆ ಹೋಗುವ ಬಸ್ಸಿಗೆ ಮೊದಲು ಆ ಫೋಟೋ ತೆರೆದು ಕ್ಯಾಮೆರಾವನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಮರದ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ. ದೊಡ್ಡದು ಮಾಡಿ ನೋಡಿದರು, ಮುಖ ಅರಳಿತು.

"ಈಗ ಆತು ನೋಡಿ. ಕಡಲ ಹದ್ದೇ ಇದು. ಒಂದು ಕೊಂಬೆಯೂ ಅಡ್ಡ ಇಲ್ಲ, ಹೇಗೆ ಸಿಕ್ತು?"

"ಮರ ಇರಲಿಲ್ಲ ಸಾಹೇಬರೆ, ಅದಕ್ಕೇ ಸಿಕ್ತು," ಎಂದೆ.